ಬಡೇಸಾಬರ ಮೊಣಕಾಲು, ಕರಿಬಸವರಾಜರ ಎಡಗೈ

"ಅಂಕಲ್, ಎಡಗೈ ಮಗುಚ್ರಿ. ಅಂಗೈ ನೆಲ ನೋಡ್ಬೇಕು."

ಕರಿಬಸವರಾಜರು ಮಗುಚಿದರು. ಮಗುಚಿದೆ ಅಂತಲೇ ತಿಳಿದರು. ಬಗ್ಗಿ ನೋಡಿದರೆ ಆ ಹಾಳು ಕೈ ಎದೆಯ ಮಟ್ಟಕ್ಕೆ ಬಂದು, ಅಂಗೈ ಮೇಲೆ ಮಾಡಿಕೊಂಡು, ಯಾರೋ ಪ್ರಸಾದ ಕೊಡುತ್ತಾರೆ ಎಂದು ಕಾಯುವ ಹಾಗೆ ನಿಂತಿತ್ತು. ಸುತ್ತ ನಿಂತವರೆಲ್ಲ ಕಾಣದ ಚೆಂಡೊಂದನ್ನು ಮೇಲೊಂದು ಕೈ, ಕೆಳಗೊಂದು ಕೈ ಇಟ್ಟು ಹಿಡಿದಿದ್ದರು. ಇವರ ಚೆಂಡು ಮಾತ್ರ ಯಾವಾಗಲೋ ಜಾರಿ ಬಿದ್ದು ಉರುಳಿ ಹೋಗಿತ್ತು.

"ಮಗುಚೀನಲ್ಲಮ್ಮ."

"ಇಲ್ಲ ಅಂಕಲ್, ಮತ್ತೆ ಮೇಲಾಗೈತೆ ನೋಡ್ರಿ."

ಸಿಮ್ರಾನ್ ಬಂದು ಮಣಿಕಟ್ಟು ಹಿಡಿದು ಮೆಲ್ಲಗೆ ತಿರುಗಿಸಿಟ್ಟು ಹೋದಳು. ಅವಳು ಆ ಕಡೆ ತಿರುಗುವುದೇ ತಡ, ಕೈ ಮತ್ತೆ ಮೇಲಾಯಿತು. ಕರಿಬಸವರಾಜರಿಗೆ ಸಿಟ್ಟು ನೆತ್ತಿಗೇರಿತು. ಆ ಕೈಗೆ ಎರಡು ಬಿಗಿಯೋಣ ಅನ್ನಿಸಿತು. ಆದರೆ ಬೆಳಿಗ್ಗೆ ಬೆಳಿಗ್ಗೆ ಪಾರ್ಕಿನಲ್ಲಿ ನಿಂತು ತನ್ನ ಕೈಗೆ ತಾನೇ ಹೊಡೆದುಕೊಂಡರೆ ನೋಡಿದವರು ಏನು ತಿಳಿದಾರು.

ಎಂಸಿಸಿ ಬಿ ಬ್ಲಾಕಿನ ಪಾರ್ಕಿನಲ್ಲಿ ನಡೆಯುತ್ತಿದ್ದ ಈ ಕ್ಲಾಸಿನ ಹೆಸರು ತಾಯ್ ಚಿ. ಚೀನಾದವರ ಕಸರತ್ತಂತೆ. ಕುಸ್ತಿಯ ಪಟ್ಟುಗಳನ್ನು ಯಾರೋ ಬಸವನಹುಳುವಿಗೆ ಕಲಿಸಿದರೆ ಹೇಗಿರುತ್ತದೋ ಹಾಗೆ ಅನ್ನುವುದು ಕರಿಬಸವರಾಜರ ಅಭಿಪ್ರಾಯ. ಕಲಿಸುವವಳು ಸಿಮ್ರಾನ್, ಊರಿನ ಹುಡುಗಿಯೇ. ಫಿಸಿಯೋಥೆರಪಿ ಓದಿದವಳು, ಮೈಸೂರಿನಲ್ಲಿ ಓದುವಾಗ ಇದನ್ನೂ ಕಲಿತು ಬಂದಿದ್ದಳು. ಒಳ್ಳೆಯ ಹುಡುಗಿ. ಗದರುವುದಿಲ್ಲ, ಬೇಸರ ಮಾಡಿಕೊಳ್ಳುವುದಿಲ್ಲ. ಅದೇ ಇನ್ನೂ ಸಿಟ್ಟು ಬರಿಸುತ್ತಿತ್ತು. ಒಂದು ಸಲ ಬೈದುಬಿಟ್ಟಿದ್ದರೆ, ಹೋಗಮ್ಮ ನಿನ್ನ ಕ್ಲಾಸೂ ಬೇಡ ಎಂದು ಚಪ್ಪಲಿ ಮೆಟ್ಟಿಕೊಂಡು ಮನೆಗೆ ಹೋಗಬಹುದಿತ್ತು.

ಆದರೆ ಹೋಗುವಂತಿರಲಿಲ್ಲ. ಯಾಕೆ ಅನ್ನುವುದು ಅವರಿಗೂ ಅವರ ಡಾಕ್ಟರಿಗೂ ಬಿಟ್ಟು ಬೇರೆ ಯಾರಿಗೂ ಗೊತ್ತಿರಲಿಲ್ಲ.

ಅದು ಶುರುವಾದದ್ದು ಹೋದ ಬೇಸಿಗೆಯಲ್ಲಿ. ಮೊದಲು ಚಹಾದ ಬಸಿ ಕಟಕಟ ಅಂದಿತು. ಕಪ್ಪು ಸರಿಯಿಲ್ಲ ಎಂದು ಹೆಂಡತಿಯ ಮೇಲೆ ರೇಗಿದರು. ಆಮೇಲೆ ಒಂದು ಬೆಳಿಗ್ಗೆ ಪೂಜೆಗೆ ಕೂತು, ಎಡ ಅಂಗೈಗೆ ವಿಭೂತಿ ಬಳಿದು, ಕೊರಳ ಕರಡಿಗೆಯಿಂದ ಲಿಂಗ ತೆಗೆದು ಅಂಗೈ ಮೇಲಿಟ್ಟುಕೊಂಡರೆ ಅದು ಸಣ್ಣಗೆ ಅಲುಗತೊಡಗಿತು. ಅಲುಗುತ್ತಾ ಅಲುಗುತ್ತಾ ಬೆರಳ ತುದಿಯ ಕಡೆ ಸರಿಯಿತು. ಕರಿಬಸವರಾಜರು ಬಲಗೈಯನ್ನು ದಬಕ್ಕನೆ ಮೇಲೆ ಮುಚ್ಚಿ ಹಿಡಿದುಕೊಂಡರು. ಅಂಗೈಯಿಂದ ಲಿಂಗ ಜಾರಿ ನೆಲಕ್ಕೆ ಬಿದ್ದರೆ ಏನು ಅನ್ನುವುದನ್ನು ಆ ಮನೆಯಲ್ಲಿ ಹುಟ್ಟಿದವರಿಗೆ ಯಾರೂ ಬಿಡಿಸಿ ಹೇಳಬೇಕಾಗಿರಲಿಲ್ಲ. ಅವರ ಅಜ್ಜ ಇದ್ದಿದ್ದರೆ ಆ ಮಾತನ್ನು ಬಾಯಲ್ಲಿ ಆಡಲಿಕ್ಕೂ ಬಿಡುತ್ತಿರಲಿಲ್ಲ.

ಡಾಕ್ಟರು ನೋಡಿ, ಇದು ವಯಸ್ಸಿನ ನಡುಕ, ಪ್ರಾಣಕ್ಕೇನೂ ತೊಂದರೆ ಇಲ್ಲ, ಮಾತ್ರೆ ಕೊಡ್ತೀನಿ, ಪೂರ್ತಿ ಹೋಗ್ತದೆ ಅಂತ ಮಾತ್ರ ಹೇಳಲ್ಲ ಅಂದರು. ಏಳುವ ಹೊತ್ತಿಗೆ, ಈ ತಾಯ್ ಚಿ ಅಂತ ಒಂದೈತಲ್ಲ, ನಿಧಾನಕ್ಕೆ ಕೈಕಾಲು ಆಡಿಸೋದು, ಕೆಲವರಿಗೆ ಅನುಕೂಲ ಆಗೈತೆ, ನೋಡ್ರಿ ಬೇಕಾದರೆ ಅಂದರು. ಕರಿಬಸವರಾಜರು ಹಿಡಿದುಕೊಂಡದ್ದು ಆ ಕೊನೆಯ ಮಾತನ್ನು. ಯಾಕೆಂದರೆ ಅಷ್ಟರಲ್ಲಿ ಮೊಮ್ಮಗಳ ದೀಕ್ಷೆಯ ದಿನ ನಿಗದಿಯಾಗಿಬಿಟ್ಟಿತ್ತು.

ಮಗ ಪ್ರಶಾಂತನ ಮಗಳು ಕೃತಿಕಾಗೆ ಹತ್ತು ತುಂಬಿತ್ತು. ಕಾರ್ತಿಕದಲ್ಲಿ ನಂದಿಗುಡಿಯ ಮಠದಲ್ಲಿ ಅವಳಿಗೆ ಲಿಂಗದೀಕ್ಷೆ. ಕರಿಬಸವರಾಜರ ಮನೆತನದಲ್ಲಿ ಇದಕ್ಕೊಂದು ಪದ್ಧತಿ ಉಂಟು. ದೀಕ್ಷೆಯ ದಿನ ಮನೆಯ ಹಿರಿಯ ಮಗುವಿನ ಎದುರಿಗೆ ಕೂರಬೇಕು. ತನ್ನ ಲಿಂಗವನ್ನು ಅಂಗೈಯಲ್ಲಿ ಹಿಡಿಯಬೇಕು. ಮಗು ನೋಡಬೇಕು, ನೋಡಿದ ಹಾಗೇ ತಾನೂ ಹಿಡಿಯಬೇಕು. ಬಾಯಿ ಬಿಟ್ಟು ಹೇಳಿಕೊಡುವ ಹಾಗಿಲ್ಲ. ಸುತ್ತ ಬೀಗರು, ಬಂಧುಗಳು, ದಲಾಲಿ ಮಂಡಿಯ ಜನ ಎಲ್ಲ ಕೂತಿರುತ್ತಾರೆ. ಕರಿಬಸವರಾಜರ ಎದುರಿಗೆ ಹೀಗೇ ಅವರ ಅಜ್ಜ ಕೂತಿದ್ದರು. ಆ ಅಂಗೈ ಇವತ್ತಿಗೂ ಕಣ್ಣ ಮುಂದೆ ಇದೆ. ಒಂದು ನೊಣ ಬಂದು ಹೆಬ್ಬೆರಳ ಮೇಲೆ ಕೂತು, ಅಷ್ಟು ದೂರ ನಡೆದು, ಹಾರಿ ಹೋಯಿತು. ಕೈ ಅಲುಗಲಿಲ್ಲ.

ಈಗ ಆ ಜಾಗದಲ್ಲಿ ಕೂರಬೇಕಾದವರು ಇವರು. ಕೈ ನೋಡಿದರೆ ಹೀಗೆ.

ಮನೆಯಲ್ಲಿ ಮೊಣಕಾಲು ನೋವು ಎಂದು ಹೇಳಿ ಕ್ಲಾಸಿಗೆ ಸೇರಿದರು. ಹೆಂಡತಿ ಅನ್ನಪೂರ್ಣಮ್ಮ ಕೇಳಿ, "ಮೊಣಕಾಲು ನೋವಿಗೆ ಎಣ್ಣಿ ಹಚ್ಕಂಡು ಮಲಗ್ತಾರೆ. ನೀವ್ಯಾಕ್ರಿ ಚೀನಾದವ್ರ ಕುಣಿತ ಕುಣೀತೀರಿ" ಅಂದರು.

"ಕುಣಿತ ಅಲ್ಲ ಅದು. ಡಾಕ್ಟ್ರು ಹೇಳ್ಯಾರೆ."

"ಅದ್ಯಾವ ಡಾಕ್ಟ್ರು ಹೇಳಿದ್ರಪ್ಪ. ನನ್ನ ಸೊಂಟನೋವಿಗೆ ಯಾರೂ ಹೇಳ್ಲಿಲ್ಲ."

ಕರಿಬಸವರಾಜರು ಅಲ್ಲಿಂದ ಎದ್ದು ಹೋದರು. ಹೆಂಡತಿಗೆ ಒಂದು ಎಳೆ ಸಿಕ್ಕರೆ ಸಾಕು, ಇಡೀ ಸೀರೆ ಬಿಚ್ಚಿ ನೋಡುವವರು. ಅದಕ್ಕೇ ಪೂಜೆಯ ಹೊತ್ತಿಗೆ ಅವರು ಈಗ ಗೋಡೆಯ ಕಡೆ ಮುಖ ಮಾಡಿ ಕೂರುತ್ತಿದ್ದರು. ಭುಜದ ಮೇಲಿನ ಶಾಲನ್ನು ಮುಂದಕ್ಕೆ ಎಳೆದುಕೊಂಡರೆ ಬಾಗಿಲಲ್ಲಿ ನಿಂತವರಿಗೆ ಕೈ ಕಾಣುವುದಿಲ್ಲ. ಮಗ ಮಂಡಿಗೆ ಹೋಗುವ ಅವಸರದಲ್ಲಿ ಇಣುಕಿ ನಮಸ್ಕಾರ ಹಾಕಿ ಹೋಗುತ್ತಿದ್ದ. ಸೊಸೆ ಅಡಿಗೆಮನೆಯಲ್ಲಿ. ಕೃತಿಕಾ ಒಬ್ಬಳು ಪತ್ರೆಯ ಬುಟ್ಟಿ ಹಿಡಿದು ಒಳಗೆ ಬಂದು, ಅದೇ ಗೋಡೆಗೆ ಒರಗಿ ಪಕ್ಕದಲ್ಲೇ ಕೂತು, ಅಜ್ಜ ವಿಭೂತಿ ಹಚ್ಚುವವರೆಗೆ ಕಾಯುತ್ತಿದ್ದಳು. ವಿಭೂತಿ ಹಚ್ಚಿಸಿಕೊಂಡು ಸ್ಕೂಲ್ ಬಸ್ಸಿಗೆ ಓಡುತ್ತಿದ್ದಳು. ಅವಳದೇನು, ಮಗು. ಅವಳಿಂದ ಮುಚ್ಚಿಡಬೇಕು ಅನ್ನುವುದು ಕರಿಬಸವರಾಜರ ತಲೆಗೆ ಬರಲೇ ಇಲ್ಲ.

ಇತ್ತ ಪಾರ್ಕಿನಲ್ಲಿ ಅವರ ಪಾಡು ನಾಯಿಪಾಡಾಗಿತ್ತು.

ಒಂದನೆಯದು ನಿಧಾನ. ಮೆಕ್ಕೆಜೋಳದ ದಲಾಲಿ ಮಂಡಿಯಲ್ಲಿ ಜೀವನವಿಡೀ ಕಳೆದ ಮನುಷ್ಯ. ಮಂಡಿಯಲ್ಲಿ ಕಣ್ಣು ಮಿಟುಕಿಸುವಷ್ಟರಲ್ಲಿ ಮಾಲು ಕೈ ಬದಲಾಗುತ್ತದೆ. ಚೀಲಕ್ಕೆ ಕೈ ಹಾಕಬೇಕು, ಕಾಳನ್ನು ಎಡ ಅಂಗೈಗೆ ಸುರಿದುಕೊಳ್ಳಬೇಕು, ಊದಬೇಕು, ಖರೀದಿದಾರನ ಮೂಗಿಗೆ ಹಿಡಿಯಬೇಕು, ಮುಗಿಯಿತು. ಇಲ್ಲಿ ಒಂದು ಕೈ ಎತ್ತುವಷ್ಟರಲ್ಲಿ ಒಂದು ಲಾರಿ ಲೋಡಾಗಿ ಹೋಗಬಹುದಿತ್ತು. ಕುದುರೆಯ ಜೂಲು ಸವರುವುದಂತೆ, ಕೊಕ್ಕರೆ ರೆಕ್ಕೆ ಬಿಚ್ಚುವುದಂತೆ, ಮೋಡದ ಹಾಗೆ ಕೈ ಆಡಿಸುವುದಂತೆ. ನಿಧಾನಕ್ಕೂ ಒಂದು ಮಿತಿ ಬೇಡವೇ. ಅವರ ಪಕ್ಕದಲ್ಲಿ ರಿಟೈರಾದ ಟೀಚರಮ್ಮ ಒಬ್ಬರು ಕಣ್ಣು ಅರೆಮುಚ್ಚಿ, ಮುಖದ ಮೇಲೆ ಸಣ್ಣ ನಗು ಇಟ್ಟುಕೊಂಡು ತೇಲುತ್ತಿದ್ದರು. ಅವರ ನಗು ನೋಡಿದರೇ ಕರಿಬಸವರಾಜರಿಗೆ ಹೊಟ್ಟೆ ಉರಿಯುತ್ತಿತ್ತು.

ಎರಡನೆಯದು ಆ ಎಡಗೈ. ಬುದ್ಧಿ ಬಂದಾಗಿನಿಂದ ಪೂಜೆಗೂ ಅದೇ ಕೈ, ಕಾಳಿಗೂ ಅದೇ ಕೈ, ಎರಡಕ್ಕೂ ಅಂಗೈ ಮೇಲೆ. ಅದನ್ನು ಕೆಳಗೆ ಮಾಡು ಅಂದರೆ ಅದಕ್ಕೆ ಅರ್ಥವೇ ಆಗುತ್ತಿರಲಿಲ್ಲ. ಮಗುಚಿದರೆ ಏನೋ ಬಿದ್ದೇಹೋಗುತ್ತದೆ ಎಂದು ಅದು ಹೆದರುತ್ತಿತ್ತು. ಇದನ್ನು ಆ ಹುಡುಗಿಗೆ ಹೇಗೆ ಹೇಳುವುದು. ಹೇಳಲಿಲ್ಲ. ಮಣಿಕಟ್ಟು ಉಳುಕಿದೆ ಎಂದು ಸುಳ್ಳು ಹೇಳಿದರು.

ಮೊದಲ ತಿಂಗಳು ಹೀಗೇ ಹೋಯಿತು. ಸಿಮ್ರಾನ್ ಮುಂದೆ ನಿಂತು ಮಾಡಿ ತೋರಿಸುತ್ತಿದ್ದಳು, ಆದರೆ ಹಿಂದಿನ ಸಾಲಿನಲ್ಲಿ ನಿಂತ ಕರಿಬಸವರಾಜರಿಗೆ ಅವಳು ಕಾಣುತ್ತಿರಲಿಲ್ಲ. ಕಾಣುತ್ತಿದ್ದದ್ದು ಮುಂದೆ ನಿಂತ ಬಡೇಸಾಬ್ ಎಂಬುವರ ಬೆನ್ನು. ಬಡೇಸಾಬರು ಹಿಂದೆ ಹತ್ತಿ ಮಿಲ್ಲಿನಲ್ಲಿದ್ದವರು, ಈಗ ರಿಟೈರಾದವರು. ಈ ಕ್ಲಾಸಿಗೆ ಇವರಿಗಿಂತ ಒಂದು ವರ್ಷ ಮೊದಲೇ ಬಂದವರು. ಒಳ್ಳೆ ಹದವಾಗಿ ಮಾಡುತ್ತಿದ್ದರು. ಕರಿಬಸವರಾಜರು ಯೋಚಿಸಿದರು. ಹುಡುಗಿ ಹೇಳುವುದು ಕಿವಿಗೆ ಹೋಗುತ್ತದೆ, ತಲೆಗೆ ಹೋಗುವುದಿಲ್ಲ. ಅಜ್ಜನ ಮುಂದೆ ಕೂತು ಕಲಿತದ್ದು ಹೇಗೆ, ನೋಡಿ ತಾನೇ. ಸರಿ, ಇನ್ನು ಮೇಲೆ ಈ ಬೆನ್ನೇ ಗುರು.

ಅವತ್ತಿನಿಂದ ಅವರು ಬಡೇಸಾಬರ ಮೇಲೆ ಇಟ್ಟ ಕಣ್ಣು ಕೀಳಲಿಲ್ಲ. ಅವರು ಭುಜ ತಿರುಗಿಸಿದರೆ ಇವರೂ ತಿರುಗಿಸಿದರು. ಅವರು ಹೆಜ್ಜೆ ಇಟ್ಟರೆ ಇವರೂ ಇಟ್ಟರು. ಅವರು ಎಡಗಾಲು ಊರುವಾಗ ಸೊಂಟ ಒಂದಿಷ್ಟು ಕುಸಿದು, ಮತ್ತೆ ಮೇಲೆ ಬಂದು, ಆಮೇಲೆ ಬಲಗಾಲು ಎತ್ತಿದರೆ ಇವರೂ ಕುಸಿದರು, ಮೇಲೆ ಬಂದರು, ಎತ್ತಿದರು. ಅದೇ ಬಹಳ ಕಷ್ಟದ ಭಾಗವಾಗಿತ್ತು. ಮನೆಯ ತಾರಸಿಯ ಮೇಲೆ ಯಾರೂ ಇಲ್ಲದಾಗ ಅದೊಂದನ್ನೇ ಮತ್ತೆ ಮತ್ತೆ ಮಾಡಿ ತೊಡೆಯ ನರ ಹಿಡಿದುಕೊಂಡಿತು. ಮೊಣಕಾಲು ನೋವು ಎಂದು ಹೇಳಿದ್ದ ಸುಳ್ಳು ಕೊನೆಗೆ ನಿಜವೇ ಆಯಿತು.

ಎಡಗೈಯೂ ಬಡೇಸಾಬರನ್ನು ನೋಡಿ ನೋಡಿ ಒಂದಿಷ್ಟು ದಾರಿಗೆ ಬಂತು. ಮಗುಚು ಅಂದರೆ ಮಗುಚುತ್ತಿತ್ತು. ನಡುಕ ಮಾತ್ರ ಇದ್ದಲ್ಲೇ ಇತ್ತು. ಒಂದು ದಿನ ಕ್ಲಾಸು ಮುಗಿದ ಮೇಲೆ ಸಿಮ್ರಾನ್ ಬಳಿಗೆ ಬಂದು, "ಅಂಕಲ್, ಕೈ ನಡುಗೋದು ನೋಡೀನಿ. ಬಿಗಿ ಹಿಡೀಬ್ಯಾಡ್ರಿ. ನಿಲ್ಲಿಸ್ಬೇಕು ಅಂತ ಹೊರಟಷ್ಟೂ ಜಾಸ್ತಿ ಆಗ್ತೈತೆ" ಅಂದಳು.

"ಬಿಗಿ ಹಿಡೀದಿದ್ರೆ ಬೀಳಲ್ವೇನಮ್ಮ."

"ಏನು ಬೀಳ್ತೈತೆ ಅಂಕಲ್. ಕೈಯಾಗೆ ಏನೂ ಇಲ್ವಲ್ಲ."

ಕರಿಬಸವರಾಜರು ಅವಳ ಮುಖ ನೋಡಿದರು. ಚಪ್ಪಲಿ ಮೆಟ್ಟಿಕೊಂಡು ಹೊರಟರು. ದಾರಿಯುದ್ದಕ್ಕೂ ಅವಳ ಮೇಲೆ ಸಿಟ್ಟು, ತನ್ನ ಮೇಲೆ ಸಿಟ್ಟು, ಆ ಡಾಕ್ಟರ ಮೇಲೆ ಸಿಟ್ಟು. ದಸರೆ ಕಳೆದಿತ್ತು. ಮಠದಲ್ಲಿ ಊಟಕ್ಕೆ ಎಷ್ಟು ಜನ ಆಗಬಹುದು ಎಂದು ಪ್ರಶಾಂತ ಆಗಲೇ ಕೇಳತೊಡಗಿದ್ದ.

ಇಂಥ ಹೊತ್ತಿನಲ್ಲಿ ಹರಿಹರದ ಕರೆ ಬಂತು. ಅಲ್ಲಿಯ ವಾಯುವಿಹಾರ ಬಳಗದವರು ಹೊಳೆಯ ದಂಡೆಯಲ್ಲಿ ಆರೋಗ್ಯದ ಕಾರ್ಯಕ್ರಮ ಇಟ್ಟಿದ್ದರು. ನಿಮ್ಮ ಕ್ಲಾಸಿನವರು ಬಂದು ಮಾಡಿ ತೋರಿಸಿ ಅಂದಿದ್ದರು. ಕರಿಬಸವರಾಜರು ಒಲ್ಲೆ ಅಂದರು. ಬಡೇಸಾಬರು ಬಿಡಲಿಲ್ಲ.

"ಬರ್ರಿ ಸಾವ್ಕಾರ್ರೆ. ನನ್ನ ಹಿಂದೆ ನಿಂತ್ಕಳ್ರಿ, ಯಾರಿಗೂ ಕಾಣಲ್ಲ."

ನನ್ನ ಹಿಂದೆ ನಿಂತುಕೊಳ್ಳಿ ಅಂದದ್ದು ಧೈರ್ಯ ಕೊಟ್ಟಿತು. ಅದಲ್ಲದೆ ಕರಿಬಸವರಾಜರ ಲೆಕ್ಕ ಬೇರೆ ಇತ್ತು. ನೂರಾರು ಜನರ ಎದುರು ಕೈ ಹೇಗಿರುತ್ತದೆ ಎಂದು ಒಮ್ಮೆ ನೋಡಿಬಿಡಬೇಕು. ಅಲ್ಲಿ ನಿಂತರೆ ಮಠದಲ್ಲೂ ನಿಂತೀತು.

ಭಾನುವಾರ ಬೆಳಿಗ್ಗೆ ಎಲ್ಲರೂ ಬಿಳಿ ಅಂಗಿ ಹಾಕಿಕೊಂಡು ಟೆಂಪೋದಲ್ಲಿ ಹರಿಹರಕ್ಕೆ ಹೋದರು. ತುಂಗಭದ್ರೆಯಲ್ಲಿ ನೀರು ಚೆನ್ನಾಗಿತ್ತು. ಮೆಟ್ಟಿಲ ಮೇಲೆ ಜನ ಕೂತಿದ್ದರು, ಮುಂದಿನ ಸಾಲಿನಲ್ಲಿ ಬಳಗದ ಹಿರಿಯರು ಕುರ್ಚಿ ಹಾಕಿಕೊಂಡಿದ್ದರು. ಕರಿಬಸವರಾಜರು ಬಡೇಸಾಬರ ಬೆನ್ನ ಹಿಂದೆ ನಿಂತರು. ಶುರುವಾಯಿತು. ಕುದುರೆಯ ಜೂಲು ಆಯಿತು, ಕೊಕ್ಕರೆಯ ರೆಕ್ಕೆ ಆಯಿತು. ಒಂದೂ ತಪ್ಪಲಿಲ್ಲ. ಎಡಗಾಲು ಊರುವಾಗ ಹದವಾಗಿ ಕುಸಿದರು, ಹದವಾಗಿ ಮೇಲೆ ಬಂದರು. ಮೊದಲ ಸಲ ಅವರಿಗೆ ಇದರಲ್ಲಿ ಏನೋ ಸುಖ ಇದೆ ಅನ್ನಿಸಿತು.

ಆಗ ಕುರ್ಚಿಯ ಸಾಲಿನಲ್ಲಿ ಯಾರೋ ಕಿಸಕ್ಕನೆ ನಕ್ಕರು. ಮೆಟ್ಟಿಲ ಮೇಲೆ ಇನ್ನೊಬ್ಬರು ನಕ್ಕರು. ನಗು ಹಬ್ಬಿತು. ಕರಿಬಸವರಾಜರಿಗೆ ಯಾಕೆಂದು ತಿಳಿಯಲಿಲ್ಲ. ತಮ್ಮ ಕೈ ನೋಡಿಕೊಂಡರು. ನಡುಗುತ್ತಿತ್ತು, ಆದರೆ ನಗುವಷ್ಟೇನೂ ಇರಲಿಲ್ಲ.

ಮುಗಿದ ಮೇಲೆ ಬಳಗದವನೊಬ್ಬ ಮೊಬೈಲಿನಲ್ಲಿ ತೆಗೆದ ವಿಡಿಯೋ ತೋರಿಸಿದ. ಎಲ್ಲರೂ ಬಗ್ಗಿ ನೋಡಿದರು. ಇಡೀ ಗುಂಪು ನೀರು ಹರಿದ ಹಾಗೆ ಒಂದೇ ಮಟ್ಟದಲ್ಲಿ ಸಾಗುತ್ತಿದೆ. ನಡುವೆ ಇಬ್ಬರು ಮಾತ್ರ ಎಡಗಾಲಿಗೊಮ್ಮೆ ದಡಕ್ಕನೆ ಕುಸಿದು ಮೇಲೆ ಬರುತ್ತಿದ್ದಾರೆ. ಮುಂದೆ ಬಡೇಸಾಬರು, ಹಿಂದೆ ಕರಿಬಸವರಾಜರು. ಒಂದೇ ಅಳತೆಯಲ್ಲಿ, ಒಂದೇ ಹೊತ್ತಿನಲ್ಲಿ.

ಬಡೇಸಾಬರ ಮುಖ ಕಪ್ಪಿಟ್ಟಿತು. ಮೊಬೈಲು ವಾಪಸ್ಸು ಕೊಟ್ಟರು. ಕರಿಬಸವರಾಜರ ಕಡೆ ತಿರುಗಿದರು.

"ಮಿಲ್ನಾಗೆ ಬಿದ್ದು ಮೊಣಕಾಲು ಹೋದದ್ದು ನಂದು, ಸಾವ್ಕಾರ್ರೆ. ನಾನು ಕುಂಟ್ತೀನಿ ಅಂತ ನಂಗೆ ಗೊತ್ತೈತೆ. ನೀವು ಹಿಂದೆ ನಿಂತು ಅಣಕಿಸಬಾರ್ದಿತ್ತು."

ಇಷ್ಟು ಹೇಳಿ ದೂರ ಹೋಗಿ ಮೆಟ್ಟಿಲ ಮೇಲೆ ಕೂತುಬಿಟ್ಟರು. ಆ ಕುಸಿತ ಕುಂಟು ಅನ್ನುವುದು ಕರಿಬಸವರಾಜರಿಗೆ ಆ ಕ್ಷಣದಲ್ಲೇ ಗೊತ್ತಾದದ್ದು. ತೊಡೆಯ ನರ ಹಿಡಿಯುವವರೆಗೆ ತಾರಸಿಯ ಮೇಲೆ ಕಲಿತದ್ದು ಒಬ್ಬ ಮನುಷ್ಯನ ನೋವನ್ನು. ಅಯ್ಯೋ ಶಿವನೆ, ಎಂಥ ದಡ್ಡ ನಾನು ಅಂದುಕೊಂಡರು.

ಹೋಗಿ ಬಡೇಸಾಬರ ಪಕ್ಕ ಕೂತರು. "ಅಣಕ ಅಲ್ಲ ಬಡೇಸಾಬ್ರೆ. ನನ್ನ ಮೊಮ್ಮಗಳಾಣೆ ಅಲ್ಲ. ಅದೂ ಪಾಠದೊಳಗಿಂದೇ ಅಂದ್ಕಂಡಿದ್ದೆ. ಅದನ್ನ ಕಲಿಯಾಕೇ ಜಾಸ್ತಿ ಕಷ್ಟಪಟ್ಟೆ."

ಬಡೇಸಾಬರು ಇವರ ಕಡೆ ತಿರುಗಿದರು. "ಕಷ್ಟಪಟ್ರಾ?"

"ತೊಡಿ ಹಿಡ್ಕಂಡೈತೆ. ಇನ್ನೂ ಬಿಟ್ಟಿಲ್ಲ."

ಬಡೇಸಾಬರು ನಗಬಾರದು ಎಂದು ತುಟಿ ಬಿಗಿದರು, ಆಗಲಿಲ್ಲ. ನಕ್ಕೇಬಿಟ್ಟರು. ಅವರು ನಕ್ಕಿದ್ದು ನೋಡಿ ಟೀಚರಮ್ಮನೂ ನಕ್ಕರು. ಸಿಮ್ರಾನ್ ಒಬ್ಬಳು ನಗಲಿಲ್ಲ. ತಲೆ ಚಚ್ಚಿಕೊಳ್ಳುವವಳ ಹಾಗೆ ಹಣೆಯ ಮೇಲೆ ಕೈ ಇಟ್ಟುಕೊಂಡು, "ಆ ನೋವು ಅವ್ರದು ಅಂಕಲ್. ಅದನ್ನ ಬಿಟ್ಟು ಉಳಿದಿದ್ದು ಕಲೀಬೇಕು" ಅಂದಳು. ಅಷ್ಟು ದಿನಗಳಲ್ಲಿ ಅವಳ ದನಿಯಲ್ಲಿ ಬೇಸರ ಕೇಳಿದ್ದು ಅದೊಂದೇ ಸಲ.

ಟೆಂಪೋದಲ್ಲಿ ಎಲ್ಲರೂ ಮಂಡಕ್ಕಿ ಮೆಣಸಿನಕಾಯಿ ತಿಂದರು, ಇವರ ಕೈಗೂ ಒಂದು ಪೊಟ್ಟಣ ಕೊಟ್ಟರು. ಕರಿಬಸವರಾಜರು ಪೊಟ್ಟಣ ಬಿಚ್ಚಲಿಲ್ಲ. ಬಡೇಸಾಬರು ಕ್ಷಮಿಸಿದ್ದರು, ಅದು ಸರಿ. ಆದರೆ ಇಷ್ಟು ದಿನ ಕಲಿತದ್ದರಲ್ಲಿ ಚೆನ್ನಾಗಿ ಬಂದದ್ದು ಒಂದೇ ಒಂದು, ಅದೂ ತಪ್ಪು. ಸರಿಯಾಗಬೇಕಾದ ಕೈ ಸರಿಯಾಗಿಲ್ಲ. ಮಾರನೆಯ ದಿನದಿಂದ ಅವರು ಪಾರ್ಕಿಗೆ ಹೋಗಲಿಲ್ಲ.

ದೀಪಾವಳಿ ಬಂತು, ಹೋಯಿತು. ಪೂಜೆಯ ಹೊತ್ತಿಗೆ ಮೊಣಕೈಯನ್ನು ತೊಡೆಗೆ ಊರಿ, ಪಕ್ಕೆಗೆ ಒತ್ತಿ, ಉಸಿರು ಹಿಡಿದು ನೋಡಿದರು. ಒಂದು ಗಳಿಗೆ ನಿಂತು ಮತ್ತೆ ಶುರುವಾಗುತ್ತಿತ್ತು. ಈ ಕೈ ತನ್ನದು ಹೌದೋ ಅಲ್ಲವೋ ಎಂದು ಅವರು ರೋಸಿಹೋಗಿದ್ದರು. ಕೊನೆಗೆ ಒಂದು ಉಪಾಯ ಹೂಡಿದರು. ಮಠದಲ್ಲಿ ಶಾಲನ್ನು ದಪ್ಪ ಮಡಿಕೆ ಮಾಡಿ ತೊಡೆಯ ಮೇಲೆ ಹಾಕಿಕೊಳ್ಳುವುದು. ಅದರ ಮೇಲೆ ಕೈ ಇಡುವುದು. ಮಗು ನೋಡಿ ಹಿಡಿಯುವಷ್ಟು ಹೊತ್ತು, ಅಷ್ಟೇ, ಹಲ್ಲು ಕಚ್ಚಿ ಹಿಡಿದು, ತಕ್ಷಣ ಕರಡಿಗೆಗೆ ಸೇರಿಸಿಬಿಡುವುದು. ಅಜ್ಜನ ಹಾಗಲ್ಲ, ನಿಜ. ಆದರೆ ಮರ್ಯಾದೆ ಉಳಿಯುತ್ತದೆ.

ದೀಕ್ಷೆಯ ದಿನ ನಸುಕಿನಲ್ಲೇ ಹೊರಟು, ಹರಿಹರ ದಾಟಿ, ಎರಡೂ ಕಡೆ ಭತ್ತದ ಗದ್ದೆ ಹಳದಿಗೆ ತಿರುಗಿದ್ದ ದಾರಿಯಲ್ಲಿ ನಂದಿಗುಡಿಗೆ ಹೋದರು. ಮಠದ ಪಡಸಾಲೆಯಲ್ಲಿ ಜಮಖಾನ ಹಾಸಿತ್ತು. ಬೀಗರು ಬಂದಿದ್ದರು, ಮಂಡಿಯವರು ಬಂದಿದ್ದರು. ಕೊಕ್ಕನೂರಿನಿಂದ ಬಂದಿದ್ದ ಅನ್ನಪೂರ್ಣಮ್ಮನವರ ಅಕ್ಕ ಕೊಟ್ರವ್ವ ಎಲ್ಲ ಚೆನ್ನಾಗಿ ಕಾಣಲಿ ಎಂದು ಮೊದಲ ಸಾಲಿನಲ್ಲೇ ಕೂತಿದ್ದರು. ಕೃತಿಕಾ ಹಸಿರು ಲಂಗ ಉಟ್ಟು, ಹಣೆ ತುಂಬ ವಿಭೂತಿ ಧರಿಸಿ, ಚಕ್ಕಳಮಕ್ಕಳ ಹಾಕಿ ಕೂತಿದ್ದಳು. ಕರಿಬಸವರಾಜರು ಎದುರಿಗೆ ಕೂತು ಶಾಲಿನ ಮಡಿಕೆ ಸರಿಮಾಡಿಕೊಂಡರು.

ದೀಕ್ಷೆ ಮಾಡಿಸುವ ಅಯ್ಯನವರು ವಯಸ್ಸಾದವರು, ಮೆತ್ತಗೆ ಮಾತಾಡುವವರು. ಮಂತ್ರ ಹೇಳಿ, ಮಗುವಿನ ಕಿವಿಯಲ್ಲಿ ಹೇಳಬೇಕಾದ್ದನ್ನು ಹೇಳಿ, ಅವಳ ಎಡ ಅಂಗೈಗೆ ವಿಭೂತಿ ಬಳಿದು ಲಿಂಗವನ್ನು ಇಟ್ಟರು. "ಅಜ್ಜನ್ನ ನೋಡವ್ವ" ಅಂದರು.

ಕರಿಬಸವರಾಜರು ಕರಡಿಗೆಗೆ ಕೈ ಹಾಕಿದ್ದರಷ್ಟೇ. ಲಿಂಗ ಇನ್ನೂ ಹೊರಗೆ ಬಂದಿರಲಿಲ್ಲ. ಅಷ್ಟರಲ್ಲಿ ಕೃತಿಕಾ ಬೆನ್ನು ನೆಟ್ಟಗೆ ಮಾಡಿ, ಕೈಯನ್ನು ಎದೆಯ ಮಟ್ಟಕ್ಕೆ ತಂದಳು. ಅವಳ ಅಂಗೈ ನಡುಗತೊಡಗಿತು. ಸಣ್ಣಗೆ, ಒಂದೇ ಸಮ, ಬೆರಳ ತುದಿಯಿಂದ ಮಣಿಕಟ್ಟಿನವರೆಗೆ.

"ಹೆದರ್ಕಬ್ಯಾಡ ಮಗಳೆ" ಅಂದರು ಅಯ್ಯನವರು. "ಕೈ ನಡುಗ್ತೈತೆ. ಸಾವಕಾಶ ಉಸಿರು ಬಿಡು."

"ಹೆದರಿಲ್ಲ ಅಯ್ಯನೋರೆ" ಅಂದಳು ಕೃತಿಕಾ. ಅವಳ ದನಿಯಲ್ಲಿ ನಿಜವಾಗಿಯೂ ಹೆದರಿಕೆ ಇರಲಿಲ್ಲ. "ಹಿಡಿಯೋದೇ ಹಿಂಗೆ. ಅಜ್ಜ ದಿನಾ ಹಿಂಗೇ ನಡುಗಿಸ್ತಾರೆ. ಕೈ ನೋವು ಬರ್ತೈತೆ, ಆದ್ರೂ ಪ್ರಾಕ್ಟೀಸ್ ಮಾಡೀನಿ."

ಪ್ರಶಾಂತ ಅಪ್ಪನ ಕಡೆ ನೋಡಿದ. ಅನ್ನಪೂರ್ಣಮ್ಮ ಗಂಡನ ಮುಖ ನೋಡಲಿಲ್ಲ, ತೊಡೆಯ ಮೇಲೆ ಮಡಚಿಟ್ಟ ಶಾಲನ್ನು ನೋಡಿದರು. ಕೊಟ್ರವ್ವ ಕತ್ತನ್ನು ಇನ್ನೂ ಮುಂದಕ್ಕೆ ಚಾಚಿದರು.

ಕರಿಬಸವರಾಜರ ಕಣ್ಣಿಗೆ ಹರಿಹರದ ಮೆಟ್ಟಿಲೂ ಬಡೇಸಾಬರ ಕಾಲೂ ಬಂದವು. ಗೋಡೆಯ ಕಡೆ ತಿರುಗಿದ್ದೆ, ಶಾಲು ಎಳೆದುಕೊಂಡಿದ್ದೆ, ಊರಿಗೆಲ್ಲ ಮುಚ್ಚಿದ್ದೆ. ಪತ್ರೆಯ ಬುಟ್ಟಿ ಹಿಡಿದು ಪಕ್ಕದಲ್ಲೇ ಕೂತವಳು ದಿನಾ ನೋಡಿದ್ದಾಳೆ. ನೋಡಿ, ಇದೇ ಪೂಜೆ ಎಂದು ಕಷ್ಟಪಟ್ಟು ಕಲಿತಿದ್ದಾಳೆ. ಈಗ ಸುಮ್ಮನಿದ್ದರೆ ಈ ಮಗು ಬದುಕಿರುವಷ್ಟು ದಿನ ಕೈ ನಡುಗಿಸಿಕೊಂಡು ಕೂರುತ್ತದೆ. ಬಾಯಿ ಬಿಟ್ಟು ಹೇಳಿಕೊಡುವ ಹಾಗಿಲ್ಲ ಅನ್ನುವುದು ಮನೆಯ ಪದ್ಧತಿ. ಹಾಳಾಗಿ ಹೋಗಲಿ ಪದ್ಧತಿ.

ಶಾಲಿನ ಮಡಿಕೆಯನ್ನು ತೆಗೆದು ಪಕ್ಕಕ್ಕಿಟ್ಟರು. ಕರಡಿಗೆಯಿಂದ ಲಿಂಗ ತೆಗೆದು ಎಡ ಅಂಗೈ ಮೇಲಿಟ್ಟು, ಎಲ್ಲರಿಗೂ ಕಾಣುವ ಹಾಗೆ ಮುಂದೆ ಹಿಡಿದರು. ಬಲಗೈಯನ್ನು ಅದರ ಕೆಳಗೆ ಆಸರೆಗೆ ಕೊಟ್ಟರು. ಕೈ ನಡುಗುತ್ತಿತ್ತು. ಇಷ್ಟು ಜನ ನೋಡುತ್ತಿದ್ದದ್ದಕ್ಕೋ ಏನೋ, ಎಂದಿಗಿಂತ ಜಾಸ್ತಿಯೇ ನಡುಗುತ್ತಿತ್ತು.

"ಕೃತಿ, ನೋಡಿಲ್ಲಿ. ಇದು ಪೂಜೆ ಅಲ್ಲವ್ವ. ಇದು ನನ್ನ ಕೈಗೆ ಬಂದಿರೋ ರೋಗ. ನಡುಕ ನಂದು. ಅದನ್ನ ಬಿಟ್ಟು ಉಳಿದಿದ್ದು ಕಲಿ."

ಕೃತಿಕಾ ಅಜ್ಜನ ಕೈ ನೋಡಿದಳು, ತನ್ನ ಕೈ ನೋಡಿಕೊಂಡಳು. ನಡುಗಿಸುವುದನ್ನು ಬಿಟ್ಟಳು. ಅವಳ ಅಂಗೈ ನಿಂತಿತು. ಎಷ್ಟು ಸಲೀಸಾಗಿ ನಿಂತಿತು ಅಂದರೆ, ಇಷ್ಟು ದಿನ ಪಾರ್ಕು ತಾರಸಿ ಎಂದು ಒದ್ದಾಡಿದ ಕರಿಬಸವರಾಜರಿಗೆ ಆ ಗಳಿಗೆಯಲ್ಲೂ ಹೊಟ್ಟೆಕಿಚ್ಚಾಯಿತು. ನೊಣ ಬಂದು ಕೂತಿದ್ದರೂ ಅಲುಗುತ್ತಿರಲಿಲ್ಲ, ಅವರ ಅಜ್ಜನ ಅಂಗೈಯೇ ಮತ್ತೆ ಎದುರಿಗೆ ಬಂದ ಹಾಗಿತ್ತು.

"ಹಂಗಾದ್ರೆ ನಿಮ್ಮ ಕೈ ನಿಲ್ಲೋದೇ ಇಲ್ವಾ ಅಜ್ಜ?" ಅಂತ ಅವಳು ಕೇಳಿದಳು.

ಬೀಗರು ಕೇಳುತ್ತಿದ್ದರು, ಮಂಡಿಯವರು ಕೇಳುತ್ತಿದ್ದರು.

"ಇಲ್ಲವ್ವ" ಅಂದರು ಕರಿಬಸವರಾಜರು. "ನಿಲ್ಲಲ್ಲ."

ಅಯ್ಯನವರು ಗಿಂಡಿ ಎತ್ತಿಕೊಂಡು ಮೊದಲು ಮಗುವಿನ ಅಂಗೈ ಮೇಲೆ ನೀರು ಬಿಟ್ಟರು. ಆಮೇಲೆ ಅಜ್ಜನ ಅಂಗೈ ಮೇಲೆ ಬಿಟ್ಟರು, ಅದು ಅಲುಗಿ ಅಲುಗಿ ಸುತ್ತಲೂ ಚೆಲ್ಲಿತು. ನಿಂತ ಮಂತ್ರವನ್ನು ನಿಂತಲ್ಲಿಂದಲೇ ಮುಂದುವರಿಸಿದರು.